ಓದುಗರ ಪ್ರಶ್ನೆ: ಫೈಲ್ ಬರೆಯುವ ಮುನ್ನ ಎನ್‌ಎಫ್‌ಎಸ್ ಕ್ಲೈಂಟ್ ಲೇಔಟ್ ಕೇಳುವ ಬಗೆ

ಎನ್‌ಎಫ್‌ಎಸ್ ಎಂದರೆ ಬೇರೆ ಯಂತ್ರದಲ್ಲಿರುವ ಫೈಲುಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ಪ್ರೋಟೊಕಾಲ್. ಅದರ ಪ್ಯಾರಲಲ್ ರೂಪವಾದ ಪಿಎನ್‌ಎಫ್‌ಎಸ್‌ನಲ್ಲಿ ಕ್ಲೈಂಟ್ ಡೇಟಾವನ್ನು ಅದು ಕೂರುವ ಸರ್ವರ್‌ಗೆ ಅಥವಾ ಡಿಸ್ಕಿಗೆ ನೇರವಾಗಿ ಬರೆಯುತ್ತದೆ. ಪಿಎನ್‌ಎಫ್‌ಎಸ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಬರವಣಿಗೆಗೆ ಸಂಬಂಧಿಸಿದವನ್ನು ಇಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉತ್ತರಗಳಲ್ಲಿ ಎಂಡಿಎಸ್ ಎಂದರೆ ಮೆಟಾಡೇಟಾ ಸರ್ವರ್, ಡಿಎಸ್ ಎಂದರೆ ಡೇಟಾ ಸರ್ವರ್. ಕ್ಲೈಂಟ್ ಎಂದಾಗಲೆಲ್ಲ ಲಿನಕ್ಸ್ ಕರ್ನಲ್‌ನ ಕ್ಲೈಂಟ್ ಎಂದೇ ತಿಳಿಯಿರಿ. ಕೆಬಿ ಎಂದರೆ 1024 ಬೈಟ್.

ಪ್ರಶ್ನೆ: ಎನ್‌ಎಫ್‌ಎಸ್ 4.1ರಲ್ಲಿ ಮೌಂಟ್ ಮಾಡಿ ದೊಡ್ಡ ಫೈಲ್ ಬರೆದಾಗ ಕ್ಲೈಂಟ್ ಎಂಡಿಎಸ್‌ಗೆ ‘ಲೇಔಟ್‌ಗೆಟ್’ ಕಳಿಸುತ್ತದೆ. ಅದರೊಳಗೆ ಏನೇನಿರುತ್ತದೆ? ಫೈಲ್ ತೆರೆದ ಕೂಡಲೇ ಕೇಳುತ್ತದೋ, ಬರೆಯುವಾಗ ಕೇಳುತ್ತದೋ?

ಉತ್ತರ: ಲೇಔಟ್ ಎಂದರೆ ಎರಡು ವಸ್ತು ಒಂದರಲ್ಲಿ. ಫೈಲಿನ ಯಾವ ಬೈಟ್ ಯಾವ ಡಿಎಸ್‌ನಲ್ಲಿ ಅಥವಾ ಯಾವ ಡಿಸ್ಕ್‌ನ ಯಾವ ಜಾಗದಲ್ಲಿ ಕೂರುತ್ತದೆ ಎನ್ನುವ ನಕ್ಷೆ ಒಂದು. ಆ ಜಾಗಕ್ಕೆ ನೇರವಾಗಿ ಹೋಗಲು ಎಂಡಿಎಸ್ ಕೊಟ್ಟ ಪರವಾನಗಿ ಇನ್ನೊಂದು. ಪರವಾನಗಿಯನ್ನು ಎಂಡಿಎಸ್ ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಇದನ್ನು ಮರೆತವರಿಗೆ ಮುಂದಿನ ಅರ್ಧ ತೊಂದರೆಗಳು ಅರ್ಥವಾಗುವುದಿಲ್ಲ.

ಲೇಔಟ್‌ಗೆಟ್ ಕೋರಿಕೆಯಲ್ಲಿ ಎಂಟು ಅಂಶಗಳಿರುತ್ತವೆ. ಲೇಔಟ್ ಈಗ ಇಲ್ಲದಿದ್ದರೆ, ಸಿಕ್ಕಾಗ ತಿಳಿಸು ಎನ್ನುವ ಸೂಚನೆ ಮೊದಲನೆಯದು. ಲಿನಕ್ಸ್ ಇದನ್ನು ಯಾವಾಗಲೂ ‘ಬೇಡ’ ಎಂದೇ ಕಳಿಸುತ್ತದೆ. ಎರಡನೆಯದು ಲೇಔಟ್ ಬಗೆ: ಫೈಲ್ಸ್ 1, ಆಬ್ಜೆಕ್ಟ್ 2, ಬ್ಲಾಕ್ 3, ಫ್ಲೆಕ್ಸ್ ಫೈಲ್ಸ್ 4, ಸ್ಕಸಿ 5. ಮೂರನೆಯದು ಐಒ ಮೋಡ್: ಓದಲು 1, ಓದಿ ಬರೆಯಲು 2. ‘ಯಾವುದಾದರೂ’ ಎನ್ನುವ 3 ಎಂಬ ಮೌಲ್ಯವೂ ಇದೆ, ಆದರೆ ಅದು ಲೇಔಟ್ ಹಿಂದಿರುಗಿಸುವಾಗ ಮತ್ತು ಎಂಡಿಎಸ್ ಅದನ್ನು ವಾಪಸ್ ಕೇಳುವಾಗ ಮಾತ್ರ ನಡೆಯುತ್ತದೆ, ಕೋರುವಾಗ ನಡೆಯದು. ಆಮೇಲೆ ಮೂರು ಸಂಖ್ಯೆಗಳು: ಎಲ್ಲಿಂದ ಬೇಕು ಎನ್ನುವ ಆಫ್‌ಸೆಟ್, ಎಷ್ಟು ಬೇಕು ಎನ್ನುವ ಉದ್ದ, ಎಷ್ಟಕ್ಕಿಂತ ಕಡಿಮೆ ಕೊಟ್ಟರೆ ಆಗದು ಎನ್ನುವ ಕನಿಷ್ಠ ಉದ್ದ. ಏಳನೆಯದು ಸ್ಟೇಟ್‌ಐಡಿ, ಅಂದರೆ ಫೈಲ್ ತೆರೆದದ್ದು, ಲಾಕ್ ಮಾಡಿದ್ದು ಮುಂತಾದವಕ್ಕೆ ಸರ್ವರ್ ಕೊಡುವ ಗುರುತು. ಎಂಟನೆಯದು ಉತ್ತರ ಎಷ್ಟು ಬೈಟ್ ಮೀರಬಾರದು ಎನ್ನುವ ಮಿತಿ. ಕ್ಲೈಂಟ್ ಇಲ್ಲಿ 4096 ಹಾಕುತ್ತದೆ.

ಸ್ಟೇಟ್‌ಐಡಿಯಲ್ಲಿ ಒಂದು ಸೂಕ್ಷ್ಮವಿದೆ. ಒಂದು ಫೈಲಿಗೆ ಮೊದಲ ಸಲ ಲೇಔಟ್ ಕೇಳುವಾಗ ಓಪನ್, ಲಾಕ್ ಅಥವಾ ಡೆಲಿಗೇಶನ್‌ನ (ಫೈಲನ್ನು ಕ್ಲೈಂಟ್ ತಾನೇ ನಿಭಾಯಿಸಲು ಸರ್ವರ್ ಕೊಟ್ಟ ಅಧಿಕಾರ) ಸ್ಟೇಟ್‌ಐಡಿ ಕೊಡಬೇಕು. ಉತ್ತರದಲ್ಲಿ ಬೇರೆಯೇ ಲೇಔಟ್ ಸ್ಟೇಟ್‌ಐಡಿ ಬರುತ್ತದೆ, ಮುಂದಿನ ಕೋರಿಕೆಗಳಿಗೆಲ್ಲ ಅದನ್ನೇ ಬಳಸಬೇಕು. ಹಾಗಾಗಿ ಒಂದೇ ಫೈಲಿಗೆ ಹತ್ತು ಥ್ರೆಡ್ ಒಟ್ಟಿಗೆ ಬರೆಯಲು ಹೊರಟರೂ ಮೊದಲ ಲೇಔಟ್‌ಗೆಟ್ ಒಂದೇ ಹೋಗುತ್ತದೆ, ಉಳಿದವು ಅದರ ಉತ್ತರಕ್ಕೆ ಕಾಯುತ್ತವೆ. ಟ್ರೇಸ್‌ನಲ್ಲಿ (ನೆಟ್‌ವರ್ಕ್ ಸಂದೇಶಗಳ ದಾಖಲೆ) ಆ ಕ್ಷಣದ ಮೌನ ನೋಡಿ ಗಾಬರಿಯಾಗಬೇಕಿಲ್ಲ. ಓದಲು ಮಾತ್ರ ತೆರೆದ ಫೈಲಿನ ಸ್ಟೇಟ್‌ಐಡಿ ಕೊಟ್ಟು ಬರೆಯುವ ಲೇಔಟ್ ಕೇಳಿದರೆ ‘ಓಪನ್‌ಮೋಡ್’ ದೋಷ ಬರುತ್ತದೆ.

ಇನ್ನು ಯಾವಾಗ ಎನ್ನುವುದು. ನಿಮ್ಮ ಪ್ರೋಗ್ರಾಮು ‘ರೈಟ್’ ಕರೆದಾಗ ಡೇಟಾ ಪೇಜ್ ಕ್ಯಾಶ್‌ಗೆ (ಕರ್ನಲ್ ಫೈಲಿನ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಬೀಳುತ್ತದೆ, ಅಷ್ಟೇ. ಆಗ ಲೇಔಟ್ ಬೇಕಾಗುವುದಿಲ್ಲ. ಡೇಟಾ ಖಾಯಂ ಆಗುವವರೆಗೆ ಕಾಯುವ ಎಫ್‌ಸಿಂಕ್ ಕರೆದಾಗ, ಫೈಲ್ ಮುಚ್ಚಿದಾಗ ಅಥವಾ ಕರ್ನಲ್ ತಾನಾಗಿ ಕೊಳೆ ಪುಟಗಳನ್ನು (ಬದಲಾಗಿದ್ದು ಇನ್ನೂ ಸರ್ವರ್‌ಗೆ ಹೋಗದವು) ಹೊರದಬ್ಬಲು ಶುರುಮಾಡಿದಾಗ ಕ್ಲೈಂಟ್ ಆ ಪುಟಗಳನ್ನು ಒಟ್ಟುಗೂಡಿಸಿ ಬರೆಯುವ ಕೋರಿಕೆ ಕಟ್ಟುತ್ತದೆ. ಲೇಔಟ್ ಹುಡುಕುವುದು ಅಲ್ಲಿ: ಮೊದಲು ತನ್ನ ಬಳಿಯೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಎಂಡಿಎಸ್‌ಗೆ ಹೋಗುತ್ತದೆ. ಹೊಸ ಕರ್ನಲ್‌ಗಳಲ್ಲಿ ಫೈಲ್ಸ್ ಮತ್ತು ಫ್ಲೆಕ್ಸ್ ಫೈಲ್ಸ್ ಬಗೆಗೆ ಲೇಔಟ್‌ಗೆಟ್ ಅನ್ನು ಓಪನ್ ಕೋರಿಕೆಯ ಜೊತೆಯಲ್ಲೇ ಒಂದೇ ಕಾಂಪೌಂಡ್‌ನಲ್ಲಿ, ಅಂದರೆ ಹಲವು ಕೋರಿಕೆಗಳ ಒಂದೇ ಕಟ್ಟಿನಲ್ಲಿ, ಕಳಿಸುವ ಅನುಕೂಲವಿದೆ. ಒಂದು ಸುತ್ತಿನ ಪ್ರಯಾಣ ಉಳಿಯುತ್ತದೆ.

ಪ್ರಶ್ನೆ: ಟ್ರೇಸ್ ತೆಗೆದರೆ ಕೆಲವು ಕಡೆ ಉದ್ದದ ಜಾಗದಲ್ಲಿ 18446744073709551615 ಎಂಬ ವಿಚಿತ್ರ ಸಂಖ್ಯೆ ಕಾಣುತ್ತದೆ, ಇನ್ನು ಕೆಲವು ಕಡೆ 65536 ತರಹದ ಸಣ್ಣ ಸಂಖ್ಯೆ. ಒಂದೇ ಕ್ಲೈಂಟ್ ಹೀಗೇಕೆ ಎರಡು ಥರ ಕೇಳುತ್ತದೆ?

ಉತ್ತರ: ಆ ವಿಚಿತ್ರ ಸಂಖ್ಯೆ 64 ಬಿಟ್‌ಗಳೂ ಒಂದಾಗಿರುವ ಮೌಲ್ಯ. ‘ಈ ಆಫ್‌ಸೆಟ್‌ನಿಂದ ಕೊನೆಯವರೆಗೆ ಎಲ್ಲವೂ’ ಎಂದು ಅರ್ಥ. ಫೈಲ್ಸ್ ಬಗೆಯ ಲೇಔಟ್‌ನಲ್ಲಿ ಕ್ಲೈಂಟ್ ಆಫ್‌ಸೆಟ್ 0, ಉದ್ದ ಇದು ಎಂದು ಇಡೀ ಫೈಲಿಗೇ ಕೇಳಿಬಿಡುತ್ತದೆ. ಕಾರಣ ಸರಳ: ಅಲ್ಲಿ ಲೇಔಟ್ ಎಂದರೆ ಒಂದು ಸೂತ್ರ. ಪಟ್ಟಿಯ (ಸ್ಟ್ರೈಪ್, ಅಂದರೆ ಡಿಎಸ್‌ಗಳಿಗೆ ಸರದಿಯಂತೆ ಹಂಚುವ ಸಮ ಗಾತ್ರದ ತುಂಡು) ಅಗಲ ಇಷ್ಟು, ಡಿಎಸ್‌ಗಳ ಸರಣಿ ಇದು, ಮೊದಲ ಪಟ್ಟಿ ಇಲ್ಲಿಂದ ಶುರು. ಫೈಲ್ 1 ಎಂಬಿ ಇರಲಿ, 1 ಟಿಬಿ ಇರಲಿ, ಸೂತ್ರದ ಗಾತ್ರ ಒಂದೇ. ತುಂಡು ತುಂಡಾಗಿ ಕೇಳುವುದರಲ್ಲಿ ಲಾಭವಿಲ್ಲ.

ಬ್ಲಾಕ್ ಮತ್ತು ಸ್ಕಸಿ ಬಗೆಯ ಕಥೆ ಬೇರೆ. ಅಲ್ಲಿ ಲೇಔಟ್ ಎಂದರೆ ಎಕ್ಸ್‌ಟೆಂಟ್‌ಗಳ ಪಟ್ಟಿ: ಫೈಲಿನ ಈ ತುಂಡು ಡಿಸ್ಕಿನ ಈ ಜಾಗದಲ್ಲಿ, ಆ ತುಂಡು ಆ ಜಾಗದಲ್ಲಿ. ಬರೆಯುವ ಲೇಔಟ್ ಕೇಳಿದಾಗ ಎಂಡಿಎಸ್ ಹೊಸ ಬ್ಲಾಕುಗಳನ್ನು ನಿಜವಾಗಿಯೂ ಹಂಚಬೇಕು. ಇಡೀ ಫೈಲಿಗೆ ಕೇಳಿದರೆ ಎಷ್ಟು ಹಂಚಬೇಕೆಂದು ಅದಕ್ಕೆ ತಿಳಿಯದು. 4 ಕೆಬಿಗೆ ಮಾತ್ರ ಕೇಳಿದರೆ 4 ಕೆಬಿ ಹಂಚುತ್ತದೆ, ಮುಂದಿನ 4 ಕೆಬಿಗೆ ಇನ್ನೊಮ್ಮೆ ಕೇಳಬೇಕು. ಡಿಸ್ಕೂ ಚೂರುಚೂರು, ಎಂಡಿಎಸ್‌ಗೂ ಸುಸ್ತು. ಆದ್ದರಿಂದ ಕ್ಲೈಂಟ್ ‘ನಾನು ಈಗ ಎಷ್ಟು ಬರೆಯಲಿದ್ದೇನೆ’ ಎಂದು ಅಂದಾಜು ಮಾಡಿ ಆ ಉದ್ದವನ್ನೇ ಹೇಳುತ್ತದೆ.

ಅಂದಾಜಿನ ರೀತಿ ಗಮನಿಸುವಂಥದ್ದು. ಪೇಜ್ ಕ್ಯಾಶ್ ಬಿಟ್ಟು ನೇರವಾಗಿ ಬರೆಯುವ ಡೈರೆಕ್ಟ್ ಐಒ ಆದರೆ ಸುಲಭ: ಪ್ರೋಗ್ರಾಮು ಕೊಟ್ಟ ಕೋರಿಕೆಯಲ್ಲಿ ಇನ್ನೂ ಎಷ್ಟು ಬೈಟ್ ಉಳಿದಿದೆಯೋ ಅಷ್ಟು. ಪೇಜ್ ಕ್ಯಾಶ್ ಮೂಲಕ ಬರೆಯುವಾಗ, ಈಗಿನ ಪುಟದಿಂದ ಶುರುಮಾಡಿ ಕ್ಯಾಶ್‌ನಲ್ಲಿ ಮೊದಲ ಖಾಲಿ ಜಾಗ ಸಿಗುವವರೆಗೆ ಎಣಿಸುತ್ತದೆ. ಪುಟಗಳ ಎಣಿಕೆ ಸೊನ್ನೆಯಿಂದ ಶುರು, ಪುಟದ ಗಾತ್ರ 4096 ಎಂದಿಟ್ಟುಕೊಳ್ಳಿ. 2ರಿಂದ 17ರವರೆಗಿನ ಪುಟಗಳು ಕ್ಯಾಶ್‌ನಲ್ಲಿವೆ, 18ನೇ ಪುಟ ಇಲ್ಲ. ಆಗ ಆಫ್‌ಸೆಟ್ 8192, ಉದ್ದ 16 ಪುಟಕ್ಕೆ 65536. ನೀವು ಕಂಡ ಸಂಖ್ಯೆ ಇಂಥದ್ದೇ ಲೆಕ್ಕದಿಂದ ಬಂದದ್ದು. ಫೈಲಿನ ಎಲ್ಲ ಪುಟಗಳೂ ಕ್ಯಾಶ್‌ನಲ್ಲೇ ಇದ್ದರೆ ಎಣಿಸುವ ಗೋಜಿಗೂ ಹೋಗದೆ ಫೈಲಿನ ಕೊನೆಯವರೆಗೆ ಕೇಳುತ್ತದೆ.

ಇಲ್ಲಿ ಪುಟ ಕ್ಯಾಶ್‌ನಲ್ಲಿದೆಯೇ ಎಂದಷ್ಟೇ ನೋಡುತ್ತದೆ, ಕೊಳೆಯಾಗಿದೆಯೇ ಎಂದು ನೋಡುವುದಿಲ್ಲ. ಮೊದಲೇ ಓದಿಟ್ಟ ಫೈಲಿನ ಒಂದೇ ಪುಟ ತಿದ್ದಿದರೂ ಕೋರಿಕೆ ದೊಡ್ಡದಾಗಿ ಹೋಗಬಹುದು. ಇದನ್ನು ದೋಷ ಎನ್ನಲು ನಮಗೆ ಮನಸ್ಸಿಲ್ಲ. ಅಂದಾಜು ತಪ್ಪಿದರೆ ನಷ್ಟ ಸಣ್ಣದು, ಕೊಳೆ ಪುಟಗಳನ್ನೇ ಹುಡುಕಿ ಎಣಿಸುವ ಖರ್ಚು ಪ್ರತಿ ಸಲವೂ ತಪ್ಪದು.

ಕಳಿಸುವ ಮುನ್ನ ಇನ್ನೊಂದು ತಿದ್ದುಪಡಿ ನಡೆಯುತ್ತದೆ. ಆಫ್‌ಸೆಟ್ ಪುಟದ ನಡುವೆ ಇದ್ದರೆ ಪುಟದ ಆರಂಭಕ್ಕೆ ಹಿಂದೆ ಸರಿಸಿ, ಉದ್ದವನ್ನು ಪುಟದ ಲೆಕ್ಕಕ್ಕೆ ಮೇಲಕ್ಕೆ ಏರಿಸುತ್ತದೆ. 5000ನೇ ಬೈಟ್‌ನಿಂದ 100 ಬೈಟ್ ಬೇಕಾದರೆ ಕೋರಿಕೆ ಹೋಗುವುದು ಆಫ್‌ಸೆಟ್ 4096, ಉದ್ದ 4096 ಎಂದು.

ಪ್ರಶ್ನೆ: ನಾವು 1 ಎಂಬಿ ಕೇಳಿದರೂ ಸರ್ವರ್ 256 ಕೆಬಿ ಮಾತ್ರ ಕೊಡುತ್ತಿದೆ. ಇದು ತಪ್ಪಲ್ಲವೇ? ಕೆಲವು ಸಲ ಏನೂ ಕೊಡದೆ ‘ಲೇಔಟ್ ಅನ್‌ಅವೈಲಬಲ್’ ಎನ್ನುತ್ತದೆ, ಆದರೂ ಬರವಣಿಗೆ ನಡೆಯುತ್ತದೆ!

ಉತ್ತರ: ತಪ್ಪಲ್ಲ. ‘ಉದ್ದ’ ಎನ್ನುವುದು ಆಸೆ, ‘ಕನಿಷ್ಠ ಉದ್ದ’ ಎನ್ನುವುದು ಷರತ್ತು. ಕ್ಲೈಂಟ್ ಬರೆಯುವಾಗ ಕನಿಷ್ಠ ಉದ್ದವಾಗಿ ಒಂದು ಪುಟದಷ್ಟು ಹಾಕುತ್ತದೆ. ಕೋರಿದ ಉದ್ದವೇ ಅದಕ್ಕಿಂತ ಚಿಕ್ಕದಾಗಿದ್ದರೆ ಅಷ್ಟು. ಕೊಟ್ಟ ಲೇಔಟ್ ಕೇಳಿದ ಆಫ್‌ಸೆಟ್‌ನಲ್ಲಿ ಅಥವಾ ಅದಕ್ಕಿಂತ ಮೊದಲು ಶುರುವಾಗಿ ಕನಿಷ್ಠ ಉದ್ದವನ್ನು ಮುಚ್ಚಿದರೆ ಸರ್ವರ್ ತನ್ನ ಮಾತು ಉಳಿಸಿಕೊಂಡಂತೆ. ಕೇಳಿದ್ದಕ್ಕಿಂತ ಹೆಚ್ಚೂ ಕೊಡಬಹುದು. ಓದಲು ಕೇಳಿದವನಿಗೆ ಓದಿ ಬರೆಯುವ ಲೇಔಟ್ ಕೊಡಬಹುದು, ಬರೆಯಲು ಕೇಳಿದವನಿಗೆ ಬರೀ ಓದುವುದನ್ನು ಕೊಡುವಂತಿಲ್ಲ.

ಬ್ಲಾಕ್ ಬಗೆಯಲ್ಲಿ ಕಡಿಮೆ ಸಿಗಲು ಇನ್ನೊಂದು ಸಾಮಾನ್ಯ ಕಾರಣ ಆ 4096ರ ಮಿತಿ. ಒಂದು ಎಕ್ಸ್‌ಟೆಂಟ್ ವಿವರಿಸಲು 44 ಬೈಟ್ ಬೇಕು: ಸಾಧನದ ಗುರುತಿಗೆ 16, ಫೈಲ್ ಆಫ್‌ಸೆಟ್, ಉದ್ದ, ಡಿಸ್ಕ್ ಆಫ್‌ಸೆಟ್ ಇವಕ್ಕೆ ತಲಾ 8, ಸ್ಥಿತಿಗೆ 4. ಒಂದು ಉತ್ತರದಲ್ಲಿ ಹೆಚ್ಚೆಂದರೆ 90ರ ಆಸುಪಾಸು ಎಕ್ಸ್‌ಟೆಂಟ್ ಹಿಡಿಸುತ್ತವೆ. ಫೈಲ್ ಚೂರುಚೂರಾಗಿದ್ದರೆ 90 ಚೂರು ಸೇರಿದರೂ 1 ಎಂಬಿ ಆಗದಿರಬಹುದು. ನಿಮ್ಮಲ್ಲಿ ಹಾಗಿದ್ದರೆ ಮದ್ದು ಸರ್ವರ್ ಕಡೆಯ ಹಂಚಿಕೆಯಲ್ಲಿದೆ. ಗಾತ್ರ ಮೊದಲೇ ಗೊತ್ತಿರುವ ಫೈಲಾದರೆ, ಮೌಂಟ್ 4.2 ಆಗಿದ್ದು ಸರ್ವರ್ ಒಪ್ಪುವುದಾದರೆ, ‘ಫಾಲೋಕೇಟ್’ ಕರೆದು ಜಾಗವನ್ನು ಒಂದೇ ಸಲ ಕಾಯ್ದಿರಿಸಿ ಆಮೇಲೆ ಬರೆಯುವುದು ಒಳ್ಳೆಯದು.

‘ಅನ್‌ಅವೈಲಬಲ್’ ಬಂದರೂ ಬರವಣಿಗೆ ನಿಲ್ಲದಿರುವುದು ಪಿಎನ್‌ಎಫ್‌ಎಸ್‌ನ ಸ್ವಭಾವ. ಲೇಔಟ್ ಸಿಗದಿದ್ದರೆ ಕ್ಲೈಂಟ್ ಡೇಟಾವನ್ನು ಎಂಡಿಎಸ್ ಮೂಲಕವೇ ಬರೆಯುತ್ತದೆ. ಈ ಔದಾರ್ಯವೇ ಆಡಳಿತಗಾರರಿಗೆ ಕಂಟಕ. ಏನೂ ಮುರಿದಂತೆ ಕಾಣುವುದಿಲ್ಲ, ವೇಗ ಮಾತ್ರ ಬಿದ್ದಿರುತ್ತದೆ. ಅದಲ್ಲದೆ ಈ ಉತ್ತರ ಬಂದ ಮೇಲೆ ಕ್ಲೈಂಟ್ ಆ ಫೈಲಿಗೆ, ಆ ಮೋಡ್‌ನಲ್ಲಿ 120 ಸೆಕೆಂಡ್ ಮತ್ತೆ ಲೇಔಟ್ ಕೇಳುವುದೇ ಇಲ್ಲ. ಸರ್ವರ್ ಕ್ಷಣಮಾತ್ರ ಎಡವಿದರೂ ಎರಡು ನಿಮಿಷ ಎಂಡಿಎಸ್ ಮೇಲೆ ಭಾರ ಬೀಳುತ್ತದೆ. ಪರೀಕ್ಷೆ ಮಾಡುವಾಗ ಸರ್ವರ್ ಸರಿಮಾಡಿ ತಕ್ಷಣ ಅದೇ ಫೈಲ್ ಬರೆದು ‘ಇನ್ನೂ ಸರಿಹೋಗಿಲ್ಲ’ ಎನ್ನುವವರು ಬಹಳ. ಹೊಸ ಫೈಲ್ ಬರೆದು ನೋಡಿ.

‘ಟ್ರೈ ಲೇಟರ್’ ಎನ್ನುವುದು ಬೇರೆ ದೋಷ. ಅದಕ್ಕೆ ಕ್ಲೈಂಟ್ ಸ್ವಲ್ಪ ತಡೆದು ಮತ್ತೆ ಕೇಳುತ್ತದೆ. ಕನಿಷ್ಠ ಉದ್ದವನ್ನೂ ಕೊಡಲಾಗದು ಎಂದರೆ ಸರ್ವರ್ ಹೇಳುವುದು ‘ಬ್ಯಾಡ್ ಲೇಔಟ್’. ಉತ್ತರ 4096 ಬೈಟಿನಲ್ಲಿ ಹಿಡಿಸದಿದ್ದರೆ ‘ಟೂ ಸ್ಮಾಲ್’.

ಪ್ರಶ್ನೆ: ಫೈಲ್ಸ್ ಲೇಔಟ್‌ನಲ್ಲಿ ಡೆನ್ಸ್, ಸ್ಪಾರ್ಸ್ ಎಂದು ಎರಡಿವೆಯಂತೆ. ಲೆಕ್ಕ ತೋರಿಸಿ.

ಉತ್ತರ: ಪಟ್ಟಿಯ ಅಗಲ 64 ಕೆಬಿ, ಡಿಎಸ್ ನಾಲ್ಕು, ಮೊದಲ ಪಟ್ಟಿ 0ನೇ ಡಿಎಸ್‌ನಿಂದ ಶುರು. ಫೈಲಿನ 300ನೇ ಕೆಬಿಯಲ್ಲಿ ಬರೆಯಬೇಕು. 300ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 44. 4ನ್ನು 4ರಿಂದ ಭಾಗಿಸಿದರೆ ಶೇಷ 0, ಅಂದರೆ 0ನೇ ಡಿಎಸ್. ಸ್ಪಾರ್ಸ್ ಆದರೆ ಆ ಡಿಎಸ್‌ನಲ್ಲೂ 300ನೇ ಕೆಬಿಗೇ ಬರೆಯಬೇಕು, ನಡುವೆ ತೂತುಗಳು ಉಳಿಯುತ್ತವೆ. ಡೆನ್ಸ್ ಆದರೆ ಆ ಡಿಎಸ್‌ನಲ್ಲಿ ಇದು ಎರಡನೇ ಪಟ್ಟಿ, ಆದ್ದರಿಂದ 64 ಕೂಡಿಸು 44, ಅಂದರೆ 108ನೇ ಕೆಬಿ.

ಅಗಲ ಮತ್ತು ಈ ಆಯ್ಕೆ ಒಂದೇ 32 ಬಿಟ್ ಸಂಖ್ಯೆಯಲ್ಲಿ ಸೇರಿ ಬರುತ್ತವೆ. ಕೆಳಗಿನ 6 ಬಿಟ್ ಗುರುತುಗಳಿಗೆ ಮೀಸಲು, ಹಾಗಾಗಿ ಅಗಲ ಯಾವಾಗಲೂ 64 ಬೈಟಿನ ಗುಣಕ. ಕೆಳಗಿನ ಬಿಟ್ 1 ಇದ್ದರೆ ಡೆನ್ಸ್. ಅದರ ಪಕ್ಕದ ಬಿಟ್ 1 ಇದ್ದರೆ ಕಮಿಟ್ (ಬರೆದದ್ದನ್ನು ಖಾಯಂ ಮಾಡು ಎನ್ನುವ ಕೋರಿಕೆ) ಎಂಡಿಎಸ್ ಮೂಲಕ. ಪ್ಯಾಕೆಟ್ ನೋಡುವಾಗ 65537 ಎಂಬ ಅಗಲ ಕಂಡರೆ ಅದು 64 ಕೆಬಿ, ಡೆನ್ಸ್.

ಪ್ರಶ್ನೆ: ಕ್ಲೈಂಟ್ ಯಂತ್ರ ಹಠಾತ್ತಾಗಿ ನಿಂತಿತು. ಡಿಎಸ್‌ಗೆ ಡೇಟಾ ತಲುಪಿತ್ತು ಎಂದು ನೆಟ್‌ವರ್ಕ್ ಲಾಗ್ ಹೇಳುತ್ತದೆ, ಆದರೆ ಬೇರೆ ಕ್ಲೈಂಟ್‌ನಲ್ಲಿ ಫೈಲಿನ ಗಾತ್ರ ಹಳೆಯದೇ. ಡೇಟಾ ಎಲ್ಲಿ ಹೋಯಿತು?

ಉತ್ತರ: ಡೇಟಾ ಡಿಎಸ್‌ನಲ್ಲಿದ್ದರೂ ಎಂಡಿಎಸ್‌ಗೆ ವಿಷಯ ಗೊತ್ತಿಲ್ಲ. ಗಾತ್ರ ಮತ್ತು ಬದಲಾದ ಸಮಯ ಎಂಡಿಎಸ್‌ನ ಸುಪರ್ದಿ. ಕ್ಲೈಂಟ್ ಹಿಂಬಾಗಿಲಿನಿಂದ ಡಿಎಸ್‌ಗೆ ಬರೆದ ಮೇಲೆ ‘ಲೇಔಟ್‌ಕಮಿಟ್’ ಕಳಿಸಿ, ನಾನು ಬರೆದ ಕೊನೆಯ ಬೈಟ್ ಇಂಥದ್ದು ಎಂದು ತಿಳಿಸಬೇಕು. ನಿಮ್ಮ ಯಂತ್ರ ನಿಂತದ್ದು ಇವೆರಡರ ನಡುವೆ.

ಸರಿಯಾದ ಕ್ರಮ ಹೀಗಿದೆ. ಓಪನ್, ಲೇಔಟ್‌ಗೆಟ್, ಸಾಧನದ ಗುರುತು ಹೊಸದಾದರೆ ‘ಗೆಟ್‌ಡಿವೈಸ್‌ಇನ್ಫೋ’ ಕಳಿಸಿ ಡಿಎಸ್‌ನ ವಿಳಾಸ ಪಡೆಯುವುದು, ಡಿಎಸ್ ಜೊತೆ ಸೆಷನ್ ಕಟ್ಟುವುದು, ಬರೆಯುವುದು, ಡಿಎಸ್ ‘ಅನ್‌ಸ್ಟೇಬಲ್’ (ಇನ್ನೂ ಖಾಯಂ ಆಗಿಲ್ಲ) ಎಂದಿದ್ದರೆ ಕಮಿಟ್, ಆಮೇಲೆ ಲೇಔಟ್‌ಕಮಿಟ್, ಕೊನೆಗೆ ಕ್ಲೋಸ್. ಡಿಎಸ್ ಬರವಣಿಗೆಗೆ ‘ಫೈಲ್ ಸಿಂಕ್’ (ಖಾಯಂ ಆಗಿದೆ) ಎಂದು ಉತ್ತರಿಸಿದ್ದರೆ ಅಥವಾ ಕಮಿಟ್ ಎಂಡಿಎಸ್ ಮೂಲಕವೇ ಹೋಗುವ ಲೇಔಟ್ ಆಗಿದ್ದರೆ ಫೈಲ್ಸ್ ಬಗೆಯಲ್ಲಿ ಲೇಔಟ್‌ಕಮಿಟ್ ಕಳಿಸುವುದಿಲ್ಲ. ಅದು ಕಾಣಲಿಲ್ಲವೆಂದು ದೂರಬೇಡಿ.

ಕಮಿಟ್ ಉತ್ತರದಲ್ಲಿ ಬರುವ ವೆರಿಫೈಯರ್ ಬರೆಯುವಾಗ ಬಂದದ್ದಕ್ಕೆ ಹೊಂದದಿದ್ದರೆ ಡಿಎಸ್ ನಡುವೆ ಮರುಪ್ರಾರಂಭವಾಗಿದೆ ಎಂದರ್ಥ. ಕ್ಲೈಂಟ್ ಆ ಪುಟಗಳನ್ನು ಮತ್ತೆ ಬರೆಯುತ್ತದೆ. ಪುಟಗಳನ್ನು ಅಲ್ಲಿಯವರೆಗೆ ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಬ್ಲಾಕ್ ಬಗೆಯಲ್ಲಿ ಲೇಔಟ್‌ಕಮಿಟ್ ಇನ್ನೂ ಮುಖ್ಯ. ಹೊಸದಾಗಿ ಹಂಚಿದ ಜಾಗ ‘ಇನ್‌ವ್ಯಾಲಿಡ್ ಡೇಟಾ’ ಎಂಬ ಸ್ಥಿತಿಯಲ್ಲಿ ಬರುತ್ತದೆ: ಜಾಗವಿದೆ, ಒಳಗಿರುವುದು ಯಾರದೋ ಹಳೆಯ ಕಸ. ಬ್ಲಾಕಿನ ಅರ್ಧಕ್ಕೆ ಮಾತ್ರ ಬರೆಯುವುದಾದರೆ ಉಳಿದರ್ಧಕ್ಕೆ ಕ್ಲೈಂಟೇ ಸೊನ್ನೆ ತುಂಬಬೇಕು. ಲೇಔಟ್‌ಕಮಿಟ್ ಆದ ಮೇಲಷ್ಟೇ ಎಂಡಿಎಸ್ ಆ ಜಾಗವನ್ನು ‘ರೀಡ್ ರೈಟ್ ಡೇಟಾ’ ಎಂದು ಬದಲಿಸುತ್ತದೆ. ಅದಿಲ್ಲದೆ ಕ್ಲೈಂಟ್ ಸತ್ತರೆ ಬರೆದದ್ದು ಡಿಸ್ಕಿನ ಮೇಲಿದ್ದರೂ ಓದುವವರಿಗೆ ಸೊನ್ನೆಗಳೇ.

ನಿಮ್ಮ ಪ್ರೋಗ್ರಾಮು ಮಾಡಬೇಕಾದದ್ದು ಒಂದೇ: ಉಳಿಯಲೇಬೇಕಾದ ಡೇಟಾ ಬರೆದ ಮೇಲೆ ಎಫ್‌ಸಿಂಕ್ ಕರೆದು ಅದರ ಉತ್ತರ ನೋಡುವುದು. ಎಫ್‌ಸಿಂಕ್ ಸರಿಯಾಗಿ ಮರಳಿದ್ದರೆ ಕಮಿಟ್, ಲೇಔಟ್‌ಕಮಿಟ್ ಎರಡೂ ಮುಗಿದಿರುತ್ತವೆ.

ಪ್ರಶ್ನೆ: ಲಕ್ಷಗಟ್ಟಲೆ ಸಣ್ಣ ಫೈಲ್ ಬರೆಯುವ ಕೆಲಸ ಪಿಎನ್‌ಎಫ್‌ಎಸ್‌ನಲ್ಲಿ ಮೊದಲಿಗಿಂತ ನಿಧಾನವಾಗಿದೆ. ಏನು ಮಾಡಬೇಕು?

ಉತ್ತರ: 2 ಕೆಬಿ ಫೈಲಿಗೆ ಲೇಔಟ್ ಕೇಳಿ, ಡಿಎಸ್‌ಗೆ ಬರೆದು, ಕಮಿಟ್ ಮಾಡಿ, ಲೇಔಟ್‌ಕಮಿಟ್ ಕಳಿಸಿ, ಮುಚ್ಚುವಾಗ ಲೇಔಟ್ ಹಿಂದಿರುಗಿಸುವುದೆಂದರೆ ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಪಿಎನ್‌ಎಫ್‌ಎಸ್ ಇರುವುದು ದೊಡ್ಡ ಫೈಲುಗಳ ಅಗಲವಾದ ಹರಿವಿಗೆ.

ಪ್ರೋಟೊಕಾಲ್‌ನಲ್ಲಿ ಇದಕ್ಕೆ ಮದ್ದಿದೆ. ‘ಎಂಡಿಎಸ್ ತ್ರೆಶೋಲ್ಡ್’ ಎಂಬ ಗುಣವನ್ನು ಸರ್ವರ್ ಓಪನ್ ಸಮಯದಲ್ಲಿ ಕೊಡಬಹುದು: ಫೈಲ್ ಇಷ್ಟಕ್ಕಿಂತ ಚಿಕ್ಕದಿದ್ದರೆ, ಅಥವಾ ಈವರೆಗಿನ ಐಒ ಇಷ್ಟಕ್ಕಿಂತ ಕಡಿಮೆ ಇದ್ದರೆ ನನ್ನ ಬಳಿಯೇ ಬರೆ ಎಂದು. ಓದಲು, ಬರೆಯಲು ಬೇರೆ ಬೇರೆ ಮಿತಿ. ಕ್ಲೈಂಟ್ ಇದನ್ನು ಪಾಲಿಸುತ್ತದೆ. ಹೊಂದಿಸಬೇಕಾದದ್ದು ಸರ್ವರ್‌ನಲ್ಲಿ, ಮೌಂಟ್ ಆಯ್ಕೆಗಳಲ್ಲಿ ಹುಡುಕಬೇಡಿ. ನಿಮ್ಮ ಸರ್ವರ್‌ಗೆ ಈ ಸೌಲಭ್ಯ ಇಲ್ಲದಿದ್ದರೆ ಸಣ್ಣ ಫೈಲುಗಳನ್ನು ಪಿಎನ್‌ಎಫ್‌ಎಸ್ ಇಲ್ಲದ ಬೇರೆ ಎಕ್ಸ್‌ಪೋರ್ಟ್‌ನಲ್ಲಿಡಿ (ಎಕ್ಸ್‌ಪೋರ್ಟ್ ಎಂದರೆ ಸರ್ವರ್ ಹಂಚಿಕೊಳ್ಳುವ ಡೈರೆಕ್ಟರಿ). ನಮ್ಮ ಮಟ್ಟಿಗೆ ಅದೇ ಜಾಣತನ.

ಪ್ರಶ್ನೆ: ಎರಡು ಕ್ಲೈಂಟ್‌ಗಳು ಒಂದೇ ಫೈಲಿಗೆ ಬರೆಯುತ್ತವೆ. ಬ್ಲಾಕ್ ಲೇಔಟ್‌ನಲ್ಲಿ ಕೋರಿಕೆಗೆ ‘ರಿಕಾಲ್ ಕಾನ್‌ಫ್ಲಿಕ್ಟ್’ ಬರುತ್ತಲೇ ಇದೆ. ಫೈಲ್ಸ್ ಲೇಔಟ್‌ನಲ್ಲಿ ಹೀಗಾಗಲಿಲ್ಲ. ಏಕೆ?

ಉತ್ತರ: ಫೈಲ್ಸ್ ಬಗೆಯಲ್ಲಿ ಡಿಎಸ್ ಕೂಡ ಎನ್‌ಎಫ್‌ಎಸ್ ಮಾತಾಡುವ ಸರ್ವರ್. ಯಾರು ಬರೆಯುತ್ತಿದ್ದಾರೆಂದು ಅದಕ್ಕೆ ಗೊತ್ತು, ಬೇಡದವರನ್ನು ತಡೆಯಬಲ್ಲದು. ಆದ್ದರಿಂದ ಇಬ್ಬರ ಕೈಯಲ್ಲೂ ಬರೆಯುವ ಲೇಔಟ್ ಇದ್ದರೆ ಅಡ್ಡಿಯಿಲ್ಲ. ಬ್ಲಾಕ್ ಬಗೆಯಲ್ಲಿ ಕ್ಲೈಂಟ್ ನೇರ ಡಿಸ್ಕಿಗೆ ಬರೆಯುತ್ತದೆ, ಡಿಸ್ಕಿಗೆ ಫೈಲ್ ಎಂದರೇನೆಂದೇ ಗೊತ್ತಿಲ್ಲ. ಹಾಗಾಗಿ ಎರಡನೆಯವನು ಕೇಳಿದಾಗ ಎಂಡಿಎಸ್ ಮೊದಲನೆಯವನಿಗೆ ಕಾಲ್‌ಬ್ಯಾಕ್ ಕಳಿಸಿ ಲೇಔಟ್ ವಾಪಸ್ ಕೇಳುತ್ತದೆ. ಆ ವ್ಯವಹಾರ ಮುಗಿಯುವವರೆಗೆ ಹೊಸ ಕೋರಿಕೆಗೆ ‘ರಿಕಾಲ್ ಕಾನ್‌ಫ್ಲಿಕ್ಟ್’ ಉತ್ತರ.

ಮೊದಲನೆಯವನು ಕೊಳೆ ಪುಟಗಳನ್ನು ಬರೆದು, ಲೇಔಟ್‌ಕಮಿಟ್ ಮಾಡಿ, ‘ಲೇಔಟ್‌ರಿಟರ್ನ್’ ಕಳಿಸುತ್ತಾನೆ. ಆ ಲೇಔಟ್ ತನ್ನ ಬಳಿ ಇಲ್ಲದಿದ್ದರೆ ‘ನೋ ಮ್ಯಾಚಿಂಗ್ ಲೇಔಟ್’ ಎನ್ನುತ್ತಾನೆ, ಅದೂ ಒಪ್ಪಿಗೆಯೇ. ಏನೂ ಹೇಳದೆ ಲೀಸ್ ಅವಧಿ (ಸರ್ವರ್ ಕೊಟ್ಟ ಹಕ್ಕುಗಳ ಗಡುವು) ದಾಟಿದರೆ ಎಂಡಿಎಸ್ ಲೇಔಟ್ ಕಿತ್ತುಕೊಂಡು ಅವನನ್ನು ಡಿಸ್ಕಿನಿಂದ ಹೊರಹಾಕಬಹುದು. ಲಿನಕ್ಸ್ ಸರ್ವರ್‌ನ ಪೂರ್ವನಿಗದಿತ ಲೀಸ್ 90 ಸೆಕೆಂಡ್. ಸ್ಕಸಿ ಬಗೆಯಲ್ಲಿ ಹೊರಹಾಕುವುದು ಪರ್ಸಿಸ್ಟೆಂಟ್ ರಿಸರ್ವೇಶನ್ (ಯಾರಿಗೆ ಪ್ರವೇಶ ಎಂದು ಡಿಸ್ಕೇ ನೋಡಿಕೊಳ್ಳುವ ಏರ್ಪಾಟು) ಮೂಲಕ. ನಿಮ್ಮ ಡಿಸ್ಕ್ ಅದನ್ನು ಬೆಂಬಲಿಸದಿದ್ದರೆ ಸ್ಕಸಿ ಬಗೆ ನಡೆಯುವುದಿಲ್ಲ.

ಲೇಔಟ್‌ಗೆಟ್ ಉತ್ತರ ಇನ್ನೂ ದಾರಿಯಲ್ಲಿರುವಾಗಲೇ ವಾಪಸಾತಿಯ ಕಾಲ್‌ಬ್ಯಾಕ್ ಬಂದುಬಿಟ್ಟರೆ ಏನು ಗತಿ? ಲೇಔಟ್ ಸ್ಟೇಟ್‌ಐಡಿಯೊಳಗಿನ ಅನುಕ್ರಮ ಸಂಖ್ಯೆ ಇರುವುದೇ ಅದಕ್ಕೆ. ತಾನು ಇನ್ನೂ ಕಾಣದ ಸಂಖ್ಯೆ ಕಾಲ್‌ಬ್ಯಾಕ್‌ನಲ್ಲಿ ಕಂಡರೆ, ಉತ್ತರವೊಂದು ಬಾಕಿಯಿದೆ ಎಂದು ಕ್ಲೈಂಟ್ ಅರಿತು ‘ಡಿಲೇ’ ಎಂದು ಹೇಳಿ ಕಾಯಿಸುತ್ತದೆ.

4.1ರಲ್ಲಿ ಕಾಲ್‌ಬ್ಯಾಕ್ ಬರುವುದು ಕ್ಲೈಂಟ್ ತೆರೆದ ಅದೇ ಟಿಸಿಪಿ ಸಂಪರ್ಕದಲ್ಲಿ. 4.0ರ ಅಭ್ಯಾಸದಂತೆ ಕ್ಲೈಂಟ್ ಕಡೆ ಬೇರೆ ಪೋರ್ಟ್ ತೆರೆಯುವ ಅಗತ್ಯವಿಲ್ಲ. ನಿಮ್ಮ ಸಮಸ್ಯೆಗೆ ನೇರ ಉತ್ತರ: ಇಬ್ಬರೂ ಒಂದೇ ಫೈಲಿಗೆ ಬರೆಯಲೇಬೇಕಾದರೆ ಬ್ಲಾಕ್ ಲೇಔಟ್ ಬಿಡಿ, ಇಲ್ಲವೇ ಫೈಲನ್ನೇ ಎರಡಾಗಿಸಿ.

ಪ್ರಶ್ನೆ: ಫ್ಲೆಕ್ಸ್ ಫೈಲ್ಸ್ ಹಾಕಿದ್ದೇವೆ. ಡಿಎಸ್‌ನಲ್ಲಿ ನೋಡಿದರೆ ಫೈಲ್‌ಗಳ ಮಾಲೀಕರ ಸಂಖ್ಯೆ ನಮ್ಮ ಯಾವ ಬಳಕೆದಾರರದ್ದೂ ಅಲ್ಲ. ಯಾರಾದರೂ ನುಸುಳಿದ್ದಾರೆಯೇ?

ಉತ್ತರ: ಇಲ್ಲ. ಫ್ಲೆಕ್ಸ್ ಫೈಲ್ಸ್‌ನ ಮಾನಕ ದಾಖಲೆಯಾದ ಆರ್‌ಎಫ್‌ಸಿ 8435ರಲ್ಲಿ ಇದು ಬೇಕೆಂದೇ ಮಾಡಿದ ಏರ್ಪಾಟು. ಡಿಎಸ್ ಬರೀ ಎನ್‌ಎಫ್‌ಎಸ್ 3 ಸರ್ವರ್ ಆಗಿರಬಹುದು, ಅದಕ್ಕೆ ಲೇಔಟ್‌ನ ಗಂಧಗಾಳಿ ಇರುವುದಿಲ್ಲ. ಆದ್ದರಿಂದ ಎಂಡಿಎಸ್ ಪ್ರತಿ ಡೇಟಾ ಫೈಲಿಗೆ ಕೃತಕ ಮಾಲೀಕ ಮತ್ತು ಗುಂಪಿನ ಸಂಖ್ಯೆ ಕೊಟ್ಟು, ಅವನ್ನು ಲೇಔಟ್‌ನಲ್ಲೇ ಕ್ಲೈಂಟ್‌ಗೆ ತಿಳಿಸುತ್ತದೆ. ಕ್ಲೈಂಟ್ ಡಿಎಸ್ ಎದುರು ಆ ವೇಷದಲ್ಲೇ ಹೋಗುತ್ತದೆ. ಲೇಔಟ್ ಕಿತ್ತುಕೊಳ್ಳಬೇಕಾದರೆ ಎಂಡಿಎಸ್ ಡಿಎಸ್‌ನಲ್ಲಿ ಆ ಸಂಖ್ಯೆಗಳನ್ನು ಬದಲಿಸುತ್ತದೆ, ಹಳೆಯ ವೇಷಕ್ಕೆ ಬಾಗಿಲು ಮುಚ್ಚುತ್ತದೆ. ‘ಸರಿಪಡಿಸುತ್ತೇನೆ’ ಎಂದು ಡಿಎಸ್‌ನಲ್ಲಿ ನೀವೇ ಮಾಲೀಕತ್ವ ಬದಲಿಸಿದರೆ ಎಲ್ಲ ಬರವಣಿಗೆಗೂ ಅನುಮತಿ ದೋಷ ಬರುತ್ತದೆ.

ಮಿರರ್ ಇದ್ದರೆ ಕ್ಲೈಂಟೇ ಎಲ್ಲ ಪ್ರತಿಗಳಿಗೂ ಬರೆಯುತ್ತದೆ. ಮೂರು ಪ್ರತಿ ಎಂದರೆ ಕ್ಲೈಂಟ್‌ನ ಹೊರಹರಿವು ಮೂರು ಪಟ್ಟು. ನೆಟ್‌ವರ್ಕ್ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. ಒಂದು ಪ್ರತಿ ವಿಫಲವಾದರೆ ಕ್ಲೈಂಟ್ ಆ ದೋಷವನ್ನು ಲೇಔಟ್‌ರಿಟರ್ನ್ ಜೊತೆ, ಅಥವಾ 4.2ರಲ್ಲಿ ‘ಲೇಔಟ್‌ಎರರ್’ ಮೂಲಕ, ಎಂಡಿಎಸ್‌ಗೆ ವರದಿ ಮಾಡುತ್ತದೆ. ಆ ಪ್ರತಿಯನ್ನು ಸರಿಪಡಿಸುವ ಹೊಣೆ ಎಂಡಿಎಸ್‌ದು.

ಪ್ರಶ್ನೆ: ನಮ್ಮಲ್ಲಿ ಪಿಎನ್‌ಎಫ್‌ಎಸ್ ನಿಜವಾಗಿ ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಪ್ರೋಕ್ ಡೈರೆಕ್ಟರಿಯ ಸೆಲ್ಫ್ ಒಳಗಿನ ‘ಮೌಂಟ್‌ಸ್ಟ್ಯಾಟ್ಸ್’ ತೆರೆಯಿರಿ. ನಿಮ್ಮ ಮೌಂಟಿನ ಭಾಗದಲ್ಲಿ ಎನ್‌ಎಫ್‌ಎಸ್ 4ರ ಸಾಲಿನ ಕೊನೆಗೆ ‘ಪಿಎನ್‌ಎಫ್‌ಎಸ್’ ಎಂದಿದ್ದು, ಮುಂದೆ ಲೇಔಟ್ ಚಾಲಕದ ಹೆಸರು ಇರಬೇಕು. ‘ನಾಟ್ ಕಾನ್ಫಿಗರ್ಡ್’ ಎಂದಿದ್ದರೆ ಮೌಂಟ್ 4.1 ಅಥವಾ ಮೇಲಿನದೇ, ಸರ್ವರ್ ಆ ಎಕ್ಸ್‌ಪೋರ್ಟ್‌ಗೆ ಲೇಔಟ್ ಬಗೆಯನ್ನು ಘೋಷಿಸಿದೆಯೇ, ಕ್ಲೈಂಟ್‌ನಲ್ಲಿ ಆ ಬಗೆಯ ಮಾಡ್ಯೂಲ್ ಏರಿದೆಯೇ ಎಂದು ಈ ಕ್ರಮದಲ್ಲೇ ನೋಡಿ. ಲಿನಕ್ಸ್‌ನದೇ ಸರ್ವರ್ ಆದರೆ ಎಕ್ಸ್‌ಪೋರ್ಟ್ ಆಯ್ಕೆಯಲ್ಲಿ ‘ಪಿಎನ್‌ಎಫ್‌ಎಸ್’ ಎಂದು ಬರೆಯದೆ ಅದು ಲೇಔಟ್ ಕೊಡುವುದಿಲ್ಲ. ಬ್ಲಾಕ್ ಅಥವಾ ಸ್ಕಸಿ ಬಗೆಗೆ ಕೆಳಗೆ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಇರಬೇಕು, ಅದೇ ಡಿಸ್ಕ್ ಕ್ಲೈಂಟ್‌ಗೂ ಕಾಣಬೇಕು. ಎಕ್ಸ್‌ಎಫ್‌ಎಸ್ ಬ್ಲಾಕ್ ಗಾತ್ರ ಕ್ಲೈಂಟ್‌ನ ಪುಟದ ಗಾತ್ರಕ್ಕಿಂತ ದೊಡ್ಡದಾದರೆ ಕ್ಲೈಂಟ್ ಒಪ್ಪುವುದಿಲ್ಲ.

ಚಾಲಕದ ಹೆಸರು ಇದ್ದ ಮಾತ್ರಕ್ಕೆ ಡೇಟಾ ಡಿಎಸ್‌ಗೆ ಹೋಗುತ್ತಿದೆ ಎಂದಲ್ಲ. ಅದೇ ಕಡತದ ‘ಇವೆಂಟ್ಸ್’ ಸಾಲಿನ ಕೊನೆಯ ಎರಡು ಸಂಖ್ಯೆಗಳು ಪಿಎನ್‌ಎಫ್‌ಎಸ್ ಮೂಲಕದ ಓದು ಮತ್ತು ಬರವಣಿಗೆಯ ಎಣಿಕೆ. ಒಂದು ದೊಡ್ಡ ಹೊಸ ಫೈಲ್ ಬರೆದು, ಎಫ್‌ಸಿಂಕ್ ಮಾಡಿ, ಮೊದಲು ಮತ್ತು ಆಮೇಲಿನ ಎಣಿಕೆ ಹೋಲಿಸಿ. ಕೊನೆಯ ಸಂಖ್ಯೆ ಏರದೆ, ಕೆಳಗಿನ ಪಟ್ಟಿಯಲ್ಲಿ ‘ರೈಟ್’ ಎಣಿಕೆ ಏರಿದ್ದರೆ ಎಲ್ಲವೂ ಎಂಡಿಎಸ್ ಮೂಲಕ ಹೋಗಿದೆ.

ಕಾರಣ ಬೇಕೆಂದರೆ ಕರ್ನಲ್ ಟ್ರೇಸಿಂಗ್‌ನಲ್ಲಿ ಎನ್‌ಎಫ್‌ಎಸ್ 4 ಗುಂಪಿನ ‘ಪಿಎನ್‌ಎಫ್‌ಎಸ್ ಅಪ್‌ಡೇಟ್ ಲೇಔಟ್’ ಘಟನೆಯನ್ನು ಚಾಲೂ ಮಾಡಿ. ಅದು ಪ್ರತಿ ಸಲವೂ ಕಾರಣದ ಸಮೇತ ಹೇಳುತ್ತದೆ: ಕೈಯಲ್ಲೇ ಲೇಔಟ್ ಇತ್ತು, ಎಂಡಿಎಸ್ ತ್ರೆಶೋಲ್ಡ್ ಒಳಗಿತ್ತು, ಹಿಂದಿನ ವೈಫಲ್ಯದಿಂದ ತಡೆದಿದೆ, ಲೇಔಟ್‌ಗೆಟ್ ಕಳಿಸಿತು, ಹೀಗೆ.

ಲೇಔಟ್ ಸಿಕ್ಕಿಯೂ ಬರವಣಿಗೆ ಎಂಡಿಎಸ್‌ಗೇ ಹೋಗುತ್ತಿದ್ದರೆ ಮೊದಲ ಅನುಮಾನ ಫೈರ್‌ವಾಲ್ ಮೇಲಿರಲಿ. ಎಂಡಿಎಸ್‌ಗೆ 2049 ಪೋರ್ಟ್ ತೆರೆದು ಡಿಎಸ್‌ಗಳನ್ನು ಮರೆತಿರುತ್ತಾರೆ, ಅಥವಾ ಗೆಟ್‌ಡಿವೈಸ್‌ಇನ್ಫೋ ಕೊಟ್ಟ ವಿಳಾಸ ಕ್ಲೈಂಟ್‌ಗೆ ದಾರಿಯಿಲ್ಲದ ಒಳ ನೆಟ್‌ವರ್ಕ್‌ನದ್ದಾಗಿರುತ್ತದೆ. ತಲುಪದ ಡಿಎಸ್ ಅನ್ನೂ ಕ್ಲೈಂಟ್ 120 ಸೆಕೆಂಡ್ ಬದಿಗಿಡುತ್ತದೆ. ಬ್ಲಾಕ್ ಬಗೆಯಲ್ಲಾದರೆ ಎರಡನೇ ಅನುಮಾನ ಡೈರೆಕ್ಟ್ ಐಒ. ಆಫ್‌ಸೆಟ್ ಅಥವಾ ಉದ್ದ ಬ್ಲಾಕ್ ಗಾತ್ರಕ್ಕೆ ಹೊಂದದಿದ್ದರೆ ಕ್ಲೈಂಟ್ ಲೇಔಟ್ ಕೇಳುವುದೇ ಇಲ್ಲ, ನೇರ ಎಂಡಿಎಸ್‌ಗೆ ಕಳಿಸುತ್ತದೆ. ಫೈಲಿನ ಕೊನೆಯ ತುಂಡಿನ ಉದ್ದಕ್ಕೆ ಮಾತ್ರ ರಿಯಾಯಿತಿ. 4 ಕೆಬಿ ಬ್ಲಾಕ್ ಇರುವಲ್ಲಿ 512 ಬೈಟಿನ ಲೆಕ್ಕದಲ್ಲಿ ಬರೆಯುವ ಪ್ರೋಗ್ರಾಮುಗಳು ಇಲ್ಲಿ ಸಿಕ್ಕಿಬೀಳುತ್ತವೆ.